ಬೈದರೆ ಬರುವ ನೆಟ್

ಮಗಳು ಸುಷ್ಮಾಳ ಆನ್‌ಲೈನ್ ಸಂದರ್ಶನ ಮುಗಿಯುವವರೆಗೆ ಮನೆಯ ನೆಟ್ ಒಂದು ಕ್ಷಣವೂ ಹೋಗಕೂಡದು, ಹೋಗದಂತೆ ತಾನೇ ಕಾಯುತ್ತೇನೆ ಎಂದು ತೆಂಗಿನಗುಂಡಿಯ ಮಾಬ್ಲ ಬೆಳಗಿನ ಚಹಾಕ್ಕೆ ಮೊದಲೇ ಘೋಷಿಸಿದ. ಬಂದರಿನಲ್ಲಿ ಮೀನಿನ ಹರಾಜು ಕೂಗುವ ಗಂಟಲು ಅವನದು. ಆ ಗಂಟಲಿನ ಮೇಲೆ ಅವನಿಗೆ ಅಪಾರ ವಿಶ್ವಾಸ.

ವಿಶ್ವಾಸಕ್ಕೆ ಕಾರಣವಿತ್ತು. ನೆಟ್ಟಿನ ಜೊತೆಗೆ ಮನೆಗೆ ಫೋನ್ ಲೈನೂ ಬಂದಿತ್ತು. ಅಂಗಳದಲ್ಲಿ ಬಲೆ ಸರಿಮಾಡುತ್ತ ಮಾತಾಡಲು ಅನುಕೂಲವೆಂದು ಅವನು ಭಟ್ಕಳ ಪೇಟೆಯಿಂದ ದುಬೈ ಮಾಲಿನ ಹಳೇ ಕಾರ್ಡ್‌ಲೆಸ್ ಫೋನೊಂದನ್ನು ತಂದು, ನೆಟ್ಟಿನ ಡಬ್ಬಿಯ ಪಕ್ಕದಲ್ಲೇ ಕೂರಿಸಿ, ಉಪ್ಪುಗಾಳಿ ತಾಗದಿರಲೆಂದು ಎರಡಕ್ಕೂ ಸೇರಿಸಿ ಒಂದೇ ಟವೆಲ್ ಹೊದೆಸಿದ್ದ. ಆಮೇಲೆ ಮೀನಿಗೆ ಐಸು ಹಾಕುವ ಐಸಿನವನ ಜೊತೆ ಮಾತಾಡುವಾಗೆಲ್ಲ ಒಳಗಿನಿಂದ ನೆಟ್ ಹೋಯಿತೆಂಬ ಕೂಗು. ಐಸಿನವನನ್ನು ಬಿಟ್ಟು, ಅದೇ ಕಾರ್ಡ್‌ಲೆಸ್ಸಿನಲ್ಲಿ ಮಾಬ್ಲ ನೆಟ್ಟಿನ ಕಂಪನಿಗೆ ಬೈಯುತ್ತಿದ್ದ. ಬೈದು ಮುಗಿಸಿ ಫೋನಿಟ್ಟ ಕೂಡಲೇ ನೆಟ್ ಹಾಜರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ತಾನು ಬೈದರೆ ಕಂಪನಿ ನಡುಗುತ್ತದೆ ಎಂದು ಬಂದರಿಗೆಲ್ಲ ಸಾರಿದ್ದ.

ಸುಷ್ಮಾ ಕುಮಟೆಯ ಅಂಗಡಿಯೊಂದರ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಬರುತ್ತಿದ್ದಳು. ಈಗ ಸಂದರ್ಶನಕ್ಕೆ ಕರೆದದ್ದು ಬೇರೊಂದು ನೆಟ್ ಕಂಪನಿ. ಮನೆಯಲ್ಲೇ ಕೂತು ಗಿರಾಕಿಗಳ ದೂರು ಕೇಳುವ ಕೆಲಸ. ಸಿಕ್ಕರೆ ಬಸ್ಸಿನ ಪಾಡು ತಪ್ಪುತ್ತಿತ್ತು.

ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ನೆಟ್ ಹೋದ ಮೇಲೆ ಬೈಯುವುದೇಕೆ, ಮುಂಗಡವಾಗಿಯೇ ಬೈದಿಟ್ಟರಾಯಿತು ಎಂದು ಮಾಬ್ಲ ಕಾರ್ಡ್‌ಲೆಸ್ ಹಿಡಿದು ಅಂಗಳಕ್ಕಿಳಿದ.

ಪರದೆಯ ಮೇಲೆ ಸಂದರ್ಶನ ಮಾಡುತ್ತಿದ್ದ ಮೇಡಂ ಬಾಯಿ ತೆರೆದ ಹಾಗೇ ನಿಂತುಬಿಟ್ಟರು.

“ಅಪ್ಪಾ, ನೆಟ್ ಹೋತು.”

“ಹೆದರಬೇಡ ಮಗಾ. ಕಂಪನಿಯವ್ರು ಲೈನಲ್ಲೇ ಇದಾರೆ. ನಾನು ಬಿಡೂದಿಲ್ಲ.”

ಬಿಡಲೂ ಇಲ್ಲ. ಪರೀಕ್ಷಿಸಿ ತಾವೇ ಫೋನ್ ಮಾಡುತ್ತೇವೆ ಎಂದು ಆ ಕಡೆಯವರು ಅಂಗಲಾಚಿದರೂ ತಪ್ಪಿಸಿಕೊಳ್ಳಗೊಡಲಿಲ್ಲ. ಅವನ ದನಿ ಏರಿದಷ್ಟೂ ಮೇಡಂ ಕಲ್ಲಾದರು. ಸುಷ್ಮಾಳ ಕಣ್ಣಲ್ಲಿ ನೀರು ತುಂಬಿತು.

ಅಡುಗೆಮನೆಯಿಂದ ಹೆಂಡತಿ ಕಮಲಿ ಬಂಗಡೆ ಕೊಯ್ಯುತ್ತಿದ್ದ ಕೈಯಲ್ಲೇ ಬಂದಳು. ಅವಳ ಮೊಬೈಲಿನ ಧಾರಾವಾಹಿಯೂ ನಿಂತಿತ್ತು.

“ಹೋಯ್, ಆ ಫೋನ್ ಇಡಿ.”

“ಇಟ್ರೆ ಅವ್ರಿಗೆ ಹೆದ್ರಿಕೆ ಹೋಗ್ತದೆ.”

“ನೀವು ಬೈದದ್ದಕ್ಕಲ್ಲ ಮಾರಾಯ್ರೆ ಅದು ಬರೂದು, ಬಾಯಿ ಮುಚ್ಚಿದ್ದಕ್ಕೆ. ನೀವು ಆ ಫೋನ್ ಎತ್ತಿದ್ರೆ ನನ್ನ ಧಾರಾವಾಹಿ ನಿಲ್ತದೆ, ಇಟ್ರೆ ಹೊರಡ್ತದೆ. ಎಷ್ಟು ದಿನದಿಂದ ನೋಡ್ತಿದೇನೆ.”

ಮೀನಿನ ಕೈಯಲ್ಲೇ ಫೋನ್ ಕಸಿದು ಆರಿಸಿದಳು. ಒಳಗೆ ಮೇಡಂ ಬಾಯಿ ಮುಚ್ಚಿದರು, ಕಣ್ಣು ಮಿಟುಕಿಸಿದರು, ಮುಂದಿನ ಪ್ರಶ್ನೆ ಕೇಳಿದರು. ಸಿಟ್ಟಿಗೆದ್ದ ಗಿರಾಕಿಯನ್ನು ಎಂದಾದರೂ ಸಂಭಾಳಿಸಿದ್ದುಂಟೆ?

“ದಿನಾ, ಮೇಡಂ” ಎಂದಳು ಸುಷ್ಮಾ.

ಕೆಲಸ ಸಿಕ್ಕಿತು. ಕಾರ್ಡ್‌ಲೆಸ್ಸೂ ನೆಟ್ಟೂ ಗಾಳಿಯಲ್ಲಿ ಒಂದೇ ದಾರಿ ಹಿಡಿದು ಗುದ್ದಾಡುತ್ತವೆಂದು ತರಬೇತಿಯಲ್ಲಿ ತಿಳಿದುಕೊಂಡು, ಅವಳು ಆ ಫೋನನ್ನು ಅಟ್ಟಕ್ಕೇರಿಸಿದಳು.

ಮೊದಲ ದಿನದ ಮೊದಲ ಕರೆ ಹೊನ್ನಾವರದ ಹುಡುಗಿಯೊಬ್ಬಳದು. ನೆಟ್ ಸುಮ್ಮಸುಮ್ಮನೆ ಹೋಗುತ್ತದಂತೆ, ತಾನಾಗಿಯೇ ಬರುತ್ತದಂತೆ. ಮಾಬ್ಲ ಬಾಗಿಲ ಮರೆಯಲ್ಲಿ ನಿಂತು, ಮಗಳು ಕಂಪನಿಯವಳಾದಳಲ್ಲ ಎಂದು ಹೆಮ್ಮೆಯಿಂದ ಕಿವಿಗೊಟ್ಟಿದ್ದ. ಸುಷ್ಮಾ ಬಹಳ ಮೃದುವಾಗಿ ವಿಚಾರಿಸಿದಳು:

“ಮೇಡಂ, ನಿಮ್ಮ ಅಪ್ಪ ಈಗ ಫೋನಲ್ಲಿ ಯಾರಿಗಾದ್ರೂ ಬೈತಾ ಇದ್ದಾರಾ?”