ಸಿಂಹಾಸನದ ಮೇಲೆ ಮುಖ್ಯ ಅತಿಥಿ

ವೇದಿಕೆ ಏರಿದ ಗಣ್ಯರನ್ನು ಕಾರ್ಯಕ್ರಮ ಮುಗಿಯುವವರೆಗೆ ಕೆಳಗಿಳಿಸತಕ್ಕದ್ದಲ್ಲ ಎಂಬುದು ಕೊಲ್ಲಿ ದೇಶದ ಫಿಂಟಾಸಿನ ನಮ್ಮ ಕನ್ನಡ ರಂಗಸಂಘದ ಮೊದಲ ನಿಯಮ. ಎರಡನೆಯ ನಿಯಮ ನಾಟಕಕ್ಕೆ ಸಂಬಂಧಿಸಿದ್ದು, ಅದಿನ್ನೂ ಪರಿಶೀಲನೆಯಲ್ಲಿದೆ.

೨೦೦೬ರ ವಾರ್ಷಿಕೋತ್ಸವಕ್ಕೆ ಮೂರು ಅಂಕಗಳ ಐತಿಹಾಸಿಕ ನಾಟಕವೊಂದು ನಿಗದಿಯಾಗಿತ್ತು. ಕಾರ್ಯದರ್ಶಿಯಾದ ನಾನೇ ಬರೆದದ್ದು, ಆದ್ದರಿಂದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಅರಸನ ಪಾತ್ರ ಮೀನಾ ಅಬ್ದುಲ್ಲಾ ತೈಲಾಗಾರದ ವೆಲ್ಡಿಂಗ್ ಫೋರ್‌ಮನ್ ಭರಮಣ್ಣನದು. ಮಗ ಅರಸನಾಗುವುದನ್ನು ಕಣ್ಣಾರೆ ನೋಡಬೇಕೆಂದು ತಾಯಿ ದೇವಕ್ಕ ವಿಸಿಟ್ ವೀಸಾದಲ್ಲಿ ಬೈಲಹೊಂಗಲದಿಂದ ಬಂದಿದ್ದರು. ಮರುದಿನವೇ ವಾಪಸು ಹೊರಡುವವರು.

ಮುಖ್ಯ ಅತಿಥಿ, ಸಲ್ವಾದ ಹೋಟೆಲ್ ಮಾಲೀಕ ಕಮಲಾಕ್ಷರು. ಊಟದ ಪ್ರಾಯೋಜಕರೂ ಅವರೇ. ಪ್ಲಾಸ್ಟಿಕ್ ಕುರ್ಚಿ ಅವರ ಘನತೆಗೆ ಸಾಲದೆಂದು ಅರಸನ ಸಿಂಹಾಸನದ ಮೇಲೆ ಕೂರಿಸಲಾಯಿತು. ಸ್ವಾಗತ, ಶಾಲು, ಹಾರ, ಭಾಷಣ ಎಲ್ಲ ಮುಗಿದು ನಾಟಕದ ಗಂಟೆ ಹೊಡೆಯಿತು. ಕಮಲಾಕ್ಷರು ಏಳಲಿಲ್ಲ. ನಿಯಮದಂತೆ ನಾವೂ ಏಳಿಸಲಿಲ್ಲ.

ಕಿರೀಟ ತೊಟ್ಟ ಭರಮಣ್ಣ ಪರದೆಯ ಮರೆಯಿಂದ ನನ್ನನ್ನು ಕೇಳಿದ: "ವಿನೀತ್ ಸರ್, ನಾ ಎಲ್ಲಿ ಕುಂಡ್ರಲ್ರಿ?"

"ನಿಂತುಕೊಳ್ಳಿ ಮಾರಾಯ್ರೆ. ಒಳ್ಳೆ ಅರಸ ಪ್ರಜೆಗಳಿಗೋಸ್ಕರ ನಿಂತೇ ಇರ್ತಾನೆ."

"ನಾ ಕುಂತ ಅರಸನ್ನ ತಾಲೀಮು ಮಾಡೀನ್ರಿ!"

"ಸ್ವಲ್ಪ ಅಡ್ಜಸ್ಟ್ ಮಾಡಿ."

ಶತ್ರುದೇಶದ ದೂತ ಮೋನಪ್ಪ ಬಂದವನೇ, ಅಭ್ಯಾಸ ಮಾಡಿಸಿದಂತೆ ಸಿಂಹಾಸನಕ್ಕೆ ನಮಸ್ಕರಿಸಿ, "ಅರ್ಧ ರಾಜ್ಯ ಕೊಡುವೆಯೋ, ಯುದ್ಧ ಮಾಡುವೆಯೋ?" ಎಂದು ಗರ್ಜಿಸಿದ. ಉತ್ತರವಾಗಿ ಭರಮಣ್ಣನ ವೀರಭಾಷಣ ಇತ್ತು. ಪೈಪುಗಳ ನಡುವೆ ನಿಂತು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ. ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಕಮಲಾಕ್ಷರು, ದೇಣಿಗೆ ಕೇಳಲು ಬಂದವರಿಗೆ ಹೇಳುವ ರೂಢಿಯಲ್ಲೇ, "ಖಲಾಸ್, ಪೂರಾ ತಗೊಳ್ಳಿ. ಊಟ ತಣ್ಣಗಾಗ್ತದೆ" ಎಂದರು.

ರಾಜ್ಯವೇ ಹೋದ ಮೇಲೆ ಉಳಿದ ಅಂಕಗಳಿಗೆ ಅವಕಾಶವಿರಲಿಲ್ಲ. ರಕ್ತಪಾತ ತಪ್ಪಿಸಿದ್ದಕ್ಕಾಗಿ ಶ್ರೇಷ್ಠ ನಟ ಪ್ರಶಸ್ತಿಯನ್ನು ಕಮಲಾಕ್ಷರಿಗೆ ನೀಡಲಾಯಿತು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎದ್ದವರು ಹಾಗೆಯೇ ಊಟದ ಸಾಲಿಗೆ ಹೋದರು.

ಊಟದ ಕೋಣೆಯಲ್ಲಿ ದೇವಕ್ಕ ಮಗನ ಕೈ ಹಿಡಿದರು. "ಯಪ್ಪಾ, ನಾಳೆ ನಾ ಹೊಂಟೆ. ಆ ಅರಸನ ಮಾತು ನನಗೊಬ್ಬಾಕಿಗರ ಹೇಳು."

ನನಗೂ ಸಂಕಟವಾಯಿತು, ಸುಳ್ಳೇಕೆ? ಆದರೆ ಗಣ್ಯರ ಅಧ್ಯಕ್ಷತೆಯಿಲ್ಲದೆ ಸದಸ್ಯರು ಎಲ್ಲಿಯೂ ಅಭಿನಯಿಸತಕ್ಕದ್ದಲ್ಲ ಎಂಬ ಉಪನಿಯಮವನ್ನು ನೆನಪಿಸುವುದು ನನ್ನ ಕರ್ತವ್ಯವಾಗಿತ್ತು. ಭರಮಣ್ಣ ಶಿಸ್ತಿನ ಸದಸ್ಯ. ತಾನೇ ಹೋಗಿ ಸಿಂಹಾಸನ ಹೊತ್ತು ತಂದು, ತಾಯಿಗೂ ತನಗೂ ನಡುವೆ ಇಟ್ಟು, ಕಮಲಾಕ್ಷರನ್ನು ಕರೆದು ಕೂರಿಸಿದ.

ವೀರಭಾಷಣ ಪೂರ್ತಿ ನಡೆಯಿತು. ಸಿಂಹಾಸನದ ಹಿಂದೆ ಕುಳಿತ ದೇವಕ್ಕನಿಗೆ ಕಿರೀಟದ ತುದಿಯಷ್ಟೇ ಕಾಣುತ್ತಿತ್ತು.

"ಭಾಳ ಛಂದ ಕಂಡಿ, ನನ್ನಪ್ಪಾ" ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕಮಲಾಕ್ಷರು ಹಿಂದೆ ತಿರುಗಿ, ಕೈಮುಗಿದು, ಧನ್ಯವಾದ ಹೇಳಿದರು.