ಚರ್ಚಿಗೆ ಬೇವು ಕಟ್ಟಿದ ಭಾನುವಾರ

ಸಿಂದಗಿಯಲ್ಲಿ ಮೂವತ್ತು ವರ್ಷ ಚಿತ್ರಕಲಾ ಮಾಸ್ತರನಾಗಿದ್ದವನು ನಾನು. ತಾಲೂಕಿನ ಅರ್ಧ ಮಂದಿಗೆ ಆನೆ ಬರೆಯಲು ಕಲಿಸಿದ್ದೇನೆ. ಅವರ ಆನೆ ಎಮ್ಮೆಯಂತೆ ಕಂಡರೆ ಅದು ಅವರ ತಪ್ಪು. ಆದ್ದರಿಂದ ಮಂಗಳೂರು ಕಡೆಯಿಂದ ಹೊಸದಾಗಿ ಬಂದ ಫಾದರ್ ಆಗಮನ ಕಾಲದ ಅಲಂಕಾರವನ್ನು ನನಗೇ ಒಪ್ಪಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ತಡವಾಯಿತು ಅನ್ನಿಸಿತು, ಅಷ್ಟೇ!

"ಕ್ರಿಸ್‌ಮಸ್‌ಗೆ ಮೊದಲು ನಾಲ್ಕು ಭಾನುವಾರ ಉಂಟಲ್ಲ ಮಾಸ್ತರೇ," ಎಂದು ಅವರು ವಿವರಿಸಿದರು. "ಒಂದು ಹಸಿರೆಲೆಯ ಬಳೆ ಮಾಡಿ. ಅದರಲ್ಲಿ ನಾಲ್ಕು ಮೇಣಬತ್ತಿ. ಮೂರು ನೇರಳೆ, ಒಂದು ಗುಲಾಬಿ. ಎಲೆ ಮಾತ್ರ ವರ್ಷವಿಡೀ ಹಸಿರಾಗಿರುವ ಮರದ್ದಾಗಬೇಕು. ನಿತ್ಯಜೀವದ ಗುರುತು ಅದು."

ಇನ್ನೂ ಏನೋ ಹೇಳುತ್ತಿದ್ದರು. ನಾನಾಗಲೇ ಮನಸ್ಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಹಿಂದಿನ ಫಾದರ್ ಬಾಗಿಲಿಗೊಂದು ಕಾಗದದ ನಕ್ಷತ್ರ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಅವರಿಗೆ ಕಲೆಯ ಗಂಧವಿರಲಿಲ್ಲ.

ನಮ್ಮ ಹಿತ್ತಲಲ್ಲಿ ಚಳಿಗಾಲದಲ್ಲೂ ಹಸಿರಾಗಿರುವುದು ಎರಡೇ, ಜಾಲಿ ಮತ್ತು ಬೇವು. ಜಾಲಿಮುಳ್ಳಿನ ಬಳೆ ಗುಡ್‌ಫ್ರೈಡೇಗೆ ಸರಿ, ಆಗಮನಕ್ಕಲ್ಲ. ಬೇವೇ ಎಂದು ತೀರ್ಮಾನಿಸಿದೆ. ಶನಿವಾರ ಮಧ್ಯಾಹ್ನ ಹಿತ್ತಲ ಮರ ಹತ್ತಿ ಟೊಂಗೆಗಳನ್ನು ಕಡಿದು, ಹಳೆಯ ಸೈಕಲ್ ರಿಮ್ಮಿಗೆ ಸುತ್ತಿದೆ. ಸೊಪ್ಪು ಬಹಳ ಉಳಿಯಿತು. ಎಸೆಯಲು ಮನಸ್ಸಾಗಲಿಲ್ಲ. ಚರ್ಚಿನ ಬಾಗಿಲಿಗೆ ದಪ್ಪ ತೋರಣ ಕಟ್ಟಿದೆ, ಗೇಟಿಗೆ ಎರಡು ಗೊಂಚಲು ಇಳಿಬಿಟ್ಟೆ.

"ಬರೇ ಬೇವು ಕಟ್ಟಬ್ಯಾಡ್ರಿ, ನಡುವ ಒಂದೀಟು ಮಾವಿನ ಎಲಿ ಸೇರಸ್ರಿ," ಎಂದಳು ನನ್ನ ಹೆಂಡತಿ ಸಲೋಮಿ.

"ಕಲಾ ಅಂದ್ರ ನಿನಗೇನ ತಿಳೀತೈತಿ?" ಎಂದೆ.

ಅಂಗಡಿಯಲ್ಲಿ ಸಿಕ್ಕಿದ್ದು ಬಿಳಿ ಮೇಣಬತ್ತಿ ಮಾತ್ರ. ಮನೆಯ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು, ನೀಲಿ ಆಯಿಲ್ ಪೇಂಟ್ ಬೆರೆಸಿ ನಾನೇ ಬಳಿದೆ. ಗುಲಾಬಿಯದೂ ನೇರಳೆಯೇ ಆಯಿತು. ಸಲೋಮಿ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಣ್ಣಿಗಾಯಿ ಮಾಡಾಕ ಚಲೋ ಅದಾವ್ರಿ ಬದನಿಕಾಯಿ!"

ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೂಜೆ. ಎಂಟು ಹೊಡೆಯಿತು. ಚರ್ಚಿನಲ್ಲಿ ನಾನು, ಸಲೋಮಿ, ಒಳಕೋಣೆಯಲ್ಲಿ ಫಾದರ್. ಎಂಟೂಕಾಲಾಯಿತು. ಅದೇ ಮೂವರು! ಹೊರಗೆ ಹೋಗಿ ನೋಡಿದರೆ ನಮ್ಮ ಸಭೆಯೆಲ್ಲ ರಸ್ತೆಯ ಆಚೆ, ಚಹಾದ ಅಂಗಡಿಯ ಮುಂದೆ, ಮೂಗಿಗೆ ಸೆರಗು, ಕರವಸ್ತ್ರ ಒತ್ತಿಕೊಂಡು ನಿಂತಿದೆ.

"ಒಳಗ ಬರ್ರಿ!" ಎಂದು ಕೂಗಿದೆ.

ನಮ್ಮಲ್ಲೇ ಹಿರಿಯಳಾದ ಕತ್ರೀನವ್ವ ಅಲ್ಲಿಂದಲೇ ಕೇಳಿದಳು: "ಮಾಸ್ತರ, ತಾಯಿ ಬಂದಿದ್ದು ಯಾರಿಗೆ? ಫಾದರ್‌ಗೇನು? ಗುಳ್ಳಿ ಭಾಳ ಎದ್ದಾವೇನು?"

ಆಗ ನನ್ನ ತಲೆಯೊಳಗೆ ಗಂಟೆ ಬಾರಿಸಿದಂತಾಯಿತು. ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದರೆ ದೇವಿ ಬಂದಳೆಂದು ಮನೆ ಬಾಗಿಲಿಗೆ ಬರೀ ಬೇವು ಕಟ್ಟುವುದು ಇಡೀ ಊರಿಗೆ ಗೊತ್ತು. ಇಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತು. ಕಟ್ಟುವಾಗ ಮಾತ್ರ ಗೊತ್ತಿರಲಿಲ್ಲ!

"ಯಾರಿಗೂ ಏನೂ ಆಗಿಲ್ಲ! ಇದು ನಿತ್ಯಜೀವದ ಗುರುತು!" ಎಂದು ಕಿರುಚಿದೆ.

"ಅಯ್ಯೋ, ಅಷ್ಟು ಜೋರ್ ಐತೇನು?" ಎಂದು ಕತ್ರೀನವ್ವ ಶಿಲುಬೆಯ ಗುರುತು ಹಾಕಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬುಟ್ಟಿ ತುಂಬ ಮೊಸರನ್ನ ಹೊತ್ತು ತಂದು ಗೇಟಿನ ಮುಂದಿಟ್ಟು, "ತಾಯಿ ತಂಪಾಗ್ಲಿ. ಯಾವ ಜಾತಿಯಾದ್ರೇನು, ಉರಿ ಎಲ್ಲಾರಿಗೂ ಉರೀನ," ಎಂದು ಕೈಮುಗಿದಳು. ಅವಳ ಹಿಂದೆಯೇ ರಿಜಿಸ್ಟರ್ ಹಿಡಿದ ಆಶಾ ಕಾರ್ಯಕರ್ತೆ! "ಪೇಶಂಟ್ ಎಲ್ಲದಾರ್ರಿ? ಹೆಸರು ಬರಸ್ರಿ."

ಗದ್ದಲ ಕೇಳಿ ಫಾದರ್ ಹೊರಗೆ ಬಂದರು. ಪಾಪ, ಕಿಟಕಿ ತೆರೆದು ಮಲಗಿದ್ದವರ ಹಣೆಯ ಮೇಲೆ ಎರಡು, ಕೆನ್ನೆಯ ಮೇಲೆ ಮೂರು, ಸೊಳ್ಳೆ ಕಚ್ಚಿದ ಕೆಂಪು ಗುಳ್ಳೆ. ಸಭೆ ಒಟ್ಟಾಗಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಆಶಾ ಕಾರ್ಯಕರ್ತೆ ಪೆನ್ನಿನ ಕ್ಯಾಪು ತೆಗೆದಳು.

"ಇದು ಸೊಳ್ಳೆ ಮಾರಾಯರೇ!" ಎಂದರು ಫಾದರ್. ಅವರ ಭಾಷೆ ಅರ್ಥವಾದವರಿಗೂ ನಂಬಿಕೆ ಬರಲಿಲ್ಲ.

ಕೊನೆಗೆ ಆಶಾ ಕಾರ್ಯಕರ್ತೆ ಅವರ ಅಂಗೈ, ಕುತ್ತಿಗೆ ಪರೀಕ್ಷಿಸಿ "ಏನೂ ಇಲ್ಲ" ಎಂದು ಸಾರಿ, ನಾನು ಏಣಿ ಹತ್ತಿ ತೋರಣ ಕಿತ್ತು, ಎಲ್ಲರೂ ಒಳಗೆ ಬಂದು ಕೂರುವಷ್ಟರಲ್ಲಿ ಒಂಬತ್ತೂವರೆ. ಬೆವರು ಒರೆಸಿಕೊಳ್ಳುತ್ತ ಬಲಿಪೀಠದ ಬಳಿ ಹೋಗಿ ಮೇಣಬತ್ತಿ ಹಚ್ಚಿದೆ. ನಾಲ್ಕನ್ನೂ!

"ಒಂದೇ! ವಾರಕ್ಕೆ ಒಂದೇ ಅಂತ ಹೇಳಿದ್ದೆನಲ್ಲ!" ಎಂದು ಫಾದರ್ ಪಿಸುಗುಟ್ಟಿದರು.

ಮೂರನ್ನು ಊದಿದೆ. ಪೇಂಟು ಚಟಚಟ ಸಿಡಿದು ಕರಿಹೊಗೆ ಎದ್ದಿತು. ಕೆಮ್ಮಿನ ನಡುವೆ ಕತ್ರೀನವ್ವನ ದನಿ: "ನಾಲ್ಕೂ ಹಚ್ಚಿದ ಮ್ಯಾಲೆ ಕ್ರಿಸ್‌ಮಸ್ ಬಂದಂಗಾತು. ಕೇಕ್ ಎಲ್ಲೈತಿ?"

ಫಾದರ್ ಪ್ರಸಂಗ ಚಿಕ್ಕದಾಗಿ ಮುಗಿಸಿದರು. "ಆಗಮನ ಕಾಲವೆಂದರೆ ಕಾಯುವ ಕಾಲ. ನೀವು ಈಗಾಗಲೇ ಒಂದೂವರೆ ಗಂಟೆ ಕಾದಿದ್ದೀರಿ. ಹೆಚ್ಚಿಗೆ ವಿವರಿಸುವುದು ಬೇಡ."

ಪೂಜೆ ಮುಗಿದ ಮೇಲೆ ಗಂಗವ್ವನನ್ನೂ ಕೂರಿಸಿಕೊಂಡು ಎಲ್ಲರೂ ಮೊಸರನ್ನ ಉಂಡರು. ನನ್ನ ಅಲಂಕಾರದ ಬಗ್ಗೆ ಯಾರೂ ಮಾತಾಡಲಿಲ್ಲ. ಮೊಸರನ್ನ ಬಹಳ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಉಳಿದ ಮೂರು ಭಾನುವಾರ ಮೇಣಬತ್ತಿ ಹಚ್ಚಿದವಳು ಸಲೋಮಿ. ಬೇಸರವಾಗಬಾರದೆಂದು ಫಾದರ್ ನನಗೂ ಒಂದು ಜವಾಬ್ದಾರಿ ಕೊಟ್ಟರು. ಪಕ್ಕದಲ್ಲಿ ನಿಂತು ಬೆಂಕಿಪೊಟ್ಟಣ ಹಿಡಿಯುವುದು. ಕಡ್ಡಿಗಳೆಲ್ಲ ಅವಳ ಕೈಯಲ್ಲಿರುತ್ತಿದ್ದವು.