ನಾಲ್ಕನೇ ಮೈಕು

ಗೋಡೆಯಾಚೆ ನಾಲ್ಕು ಪವರ್‌ಲೂಮುಗಳು ಒಮ್ಮೆಲೇ ಖಟಾಖಟ್ ಎಂದು ಶುರುವಾದಾಗ ಪರಮೇಶ ಕಿವಿಯ ಮೇಲಿದ್ದ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದ.

"ಬೇಕಂತ ಮಾಡ್ತಾರ ವೈಶಾಲಿ! ನಾ ಯಾವಾಗ ಮೈಕ್ ಚಾಲೂ ಮಾಡ್ತೀನಿ ಅಂತ ಕಾಯ್ಕೋತ ಕುಂತಿರ್ತಾರ!"

"ಬನಹಟ್ಟ್ಯಾಗ ಮಗ್ಗ ಸಪ್ಪಳ ಮಾಡದ ಧ್ಯಾನ ಮಾಡ್ತಾವೇನ್ರಿ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

ಪರಮೇಶನಿಗೆ ಇನ್ನಷ್ಟು ಸಿಟ್ಟು ಬಂತು. ಮನೆಯವರಿಗೇ ಕಲೆಯ ಬೆಲೆ ಗೊತ್ತಿಲ್ಲದ ಮೇಲೆ ಓಣಿಯವರಿಗೆ ಎಲ್ಲಿಂದ ಗೊತ್ತಿರಬೇಕು? ಅಪ್ಪನಿಂದ ಬಂದ ಮಗ್ಗಗಳನ್ನು ಮಾರಿ, ಆ ಕೋಣೆಯಲ್ಲಿ ಕಂಪ್ಯೂಟರು, ಮಿಕ್ಸರು, ನಾಲ್ಕು ಮೈಕು ಇಟ್ಟು, ಬಾಗಿಲಿಗೆ 'ಪರಮೇಶ ಡಿಜಿಟಲ್ ರೆಕಾರ್ಡಿಂಗ್' ಎಂದು ಫಲಕ ತೂಗುಹಾಕಿದ್ದ. ಸದ್ದು ತಡೆಯಲೆಂದು ಗೋಡೆಗೆಲ್ಲ ಕೌದಿ ಹೊಡೆದಾಗ ಓಣಿಗೆ ಓಣಿಯೇ ಬಂದು ನೋಡಿ, "ಗೋಡಿಗೆ ಥಂಡಿ ಹತ್ತೇತೇನೋ ಪರಮ್ಯಾ?" ಎಂದು ನಕ್ಕು ಹೋಗಿತ್ತು.

ಅವರಿಗೇನು ಗೊತ್ತು? ಈ ಭಾಗದಲ್ಲಿ ಎಲ್ಲರೂ ಒಂದೇ ಮೈಕಿನ ಸುತ್ತ ಕುಳಿತು ಹಾಡುವವರು. ಒಬ್ಬ ಕೆಮ್ಮಿದರೆ ಇಡೀ ಹಾಡು ಹಾಳು. ಪರಮೇಶನಲ್ಲಿ ಹಾಗಲ್ಲ. ಒಬ್ಬೊಬ್ಬರಿಗೂ ಬೇರೆ ಮೈಕು, ಕಂಪ್ಯೂಟರಿನಲ್ಲಿ ಬೇರೆ ಟ್ರ್ಯಾಕು. ಪ್ರತಿ ಟ್ರ್ಯಾಕಿಗೂ ಎರಡು ಗುಂಡಿ: ಒಂದು ಒತ್ತಿದರೆ ದನಿ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ಇನ್ನೊಂದು ಕೆಂಪು ಗುಂಡಿ ಒತ್ತಿದರೆ ಮಾತ್ರ ದನಿ ದಾಖಲಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಬಂದ್.

ಅಂದು ರನ್ನ ಬೆಳಗಲಿಯಿಂದ ಅಮಸಿದ್ದಪ್ಪನ ಡೊಳ್ಳಿನ ಮೇಳ ಬಂದಿತ್ತು. ಬೀರೇಶ್ವರನ ಹಾಡಿನ ಸಿಡಿ ಮಾಡಬೇಕಿತ್ತು. ಮರುದಿನದಿಂದ ಎಲ್ಲರಿಗೂ ಕಬ್ಬು ಕಡಿಯುವ ಕೆಲಸ. ಇಂದು ಆಗದಿದ್ದರೆ ಮುಧೋಳದ ಸ್ಟುಡಿಯೋಕ್ಕೆ ಹೋಗುವುದಾಗಿ ಅಮಸಿದ್ದಪ್ಪ ಮೆಲ್ಲಗೆ ಹೇಳಿಯೂ ಇದ್ದ. ಮುಧೋಳದ ಹೆಸರು ಕೇಳಿದೊಡನೆ ಪರಮೇಶ ಹೋಗಿ ಬಾಗಿಲಿನ ಫಲಕವನ್ನು ಇನ್ನೊಮ್ಮೆ ಒರೆಸಿ ಬಂದಿದ್ದ.

ಅಮಸಿದ್ದಪ್ಪನಿಗೆ ಹೆಡ್‌ಫೋನು ತೊಡಿಸಿದ್ದೇ ಒಂದು ಪ್ರಹಸನವಾಯಿತು. ತಲೆಗೆ ಸುತ್ತಿದ್ದ ಪಟಗಾದ ಮೇಲೆ ಅದು ಕೂರಲಿಲ್ಲ. ಪಟಗಾ ಬಿಚ್ಚಲು ಹಿರಿಯ ಒಪ್ಪಲಿಲ್ಲ. ಕೊನೆಗೆ ಗದ್ದದ ಕೆಳಗಿನಿಂದ ತೊಡಿಸಿದರು. ಒಂದು ಸಾಲು ಹಾಡಿದವನೇ ಗಕ್ಕನೆ ನಿಂತು ಹಿಂದೆ ತಿರುಗಿ ನೋಡಿದ.

"ಯಾರಪಾ ಇಂವಾ? ನನ್ನ ಬೆನ್ನ ಹಿಂದ ಕುಂತು ನನ್ನಂಗ ಹಾಡಾಕತ್ತಾನ!"

"ಅದು ನಿಮ್ಮ ದನೀನ ರೀ ಹಿರ್ಯಾರ. ಕಂಪ್ಯೂಟರಿನ್ಯಾಗ ಹಾದು ಬರೂದಕ್ಕ ತುಸು ತಡಾ ಆಗತೈತಿ."

"ನನ್ನ ದನಿ ನನ್ನ ಬಾಯಾಗಿಂದ ನೆಟ್ಟಗ ಬರ್ತೈತಿ. ಅದಕ್ಯಾಕ ಊರೆಲ್ಲಾ ತಿರುಗಿಸಿ ತರ್ತಿ?"

ಅದನ್ನು ಸರಿಪಡಿಸುವಷ್ಟರಲ್ಲಿ ಮಗ್ಗಗಳ ಸದ್ದು ಫಕ್ಕನೆ ನಿಂತಿತು. ಪರಮೇಶ ಹಿಗ್ಗಿ, "ಹಾಂ, ಹಾಡ್ರಿ!" ಎಂದ. ನೋಡಿದರೆ ಕಂಪ್ಯೂಟರಿನ ಪರದೆಯೂ ಕಪ್ಪಾಗಿತ್ತು. ಕರೆಂಟು ಹೋಗಿತ್ತು. ಯುಪಿಎಸ್ ಹಸಿದ ಕೋಳಿಮರಿಯಂತೆ ಕುಂಯ್ ಕುಂಯ್ ಎಂದು ಕೂಗಿ ಅದೂ ಸುಮ್ಮನಾಯಿತು.

"ಕರೆಂಟ್ ಇದ್ರ ಮಗ್ಗ. ಮಗ್ಗ ನಿಂತ್ರ ಕರೆಂಟ್ ಇಲ್ಲ. ನಾ ಏನ ಗಾಣದೆತ್ತೇನು?" ಎಂದು ಪರಮೇಶ ಸೂರಿನತ್ತ ನೋಡಿ ಕೇಳಿದ. ಡೊಳ್ಳಿನ ಜಕ್ಕಪ್ಪ ಆಕಳಿಸಿದ.

ಇನ್ನು ದಾರಿ ಒಂದೇ. ಪರಮೇಶ ಅವಮಾನ ನುಂಗಿಕೊಂಡು ಪಕ್ಕದ ಮನೆಯ ಕಸ್ತೂರೆವ್ವನ ಬಾಗಿಲಿಗೆ ಹೋದ. ಮಗ್ಗಗಳು ಆಕೆಯವು, ನಡೆಸುವವನು ಮಗ ಬಸವಕುಮಾರ.

"ಕಾಕೂ, ಕರೆಂಟ್ ಬಂದ ಮ್ಯಾಲ ಒಂದ ತಾಸ ಮಗ್ಗ ಬಂದ್ ಇಡ್ರಿ. ಕೈ ಮುಗೀತೀನಿ."

ಬಸವಕುಮಾರ ಬಾಯಿ ತೆರೆಯುವ ಮೊದಲೇ ಕಸ್ತೂರೆವ್ವ, "ಇಡೂಣು. ಆದ್ರ ನಾನೂ ಹಾಡಾಕಿ," ಎಂದಳು.

"ನೀವಾ?"

"ಯಾಕ, ನನಗ ಬಾಯಿಲ್ಲೇನ? ನಮ್ಮ ತವರಮನ್ಯಾಗ ಈ ಹಾಡ ಕೇಳಕೋತನ ಬೆಳದಾಕಿ ನಾ."

ಬಾಯಿ ಇರುವುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಪರಮೇಶನ ರಕ್ತ ಕುದಿಯಿತು. ಅಡುಗೆ ಮಾಡುವವಳಿಗೆ ಮೈಕು, ಮಗ್ಗ ಇದ್ದವಳಿಗೆ ಮೇಳ! ನಾಳೆ ಹಾಲು ಹಾಕುವವನೂ ಹಾಡುತ್ತೇನೆನ್ನಬಹುದು. ಆದರೂ ತಲೆಯಾಡಿಸಿದ. ತಲೆಯಾಡಿಸುವಾಗಲೇ ಒಂದು ಉಪಾಯ ಹೊಳೆಯಿತು.

ಕರೆಂಟು ಬಂತು. ಮಗ್ಗಗಳು ಸುಮ್ಮನಿದ್ದವು. ಕಂಪ್ಯೂಟರು ಮತ್ತೆ ಶುರುವಾಯಿತು. ಅಮಸಿದ್ದಪ್ಪನಿಗೊಂದು, ಜಕ್ಕಪ್ಪನ ಡೊಳ್ಳಿಗೊಂದು, ತಾಳದವರಿಗೊಂದು ಮೈಕು ಕೊಟ್ಟು, ನಾಲ್ಕನೆಯದನ್ನು ಅಮಸಿದ್ದಪ್ಪನ ಮಗ್ಗುಲಲ್ಲೇ ಕಸ್ತೂರೆವ್ವನ ಮುಂದೆ ಇಟ್ಟ. ಕಿವಿಗೆ ಹೆಡ್‌ಫೋನನ್ನೂ ತೊಡಿಸಿದ. ಆಮೇಲೆ ಪರದೆಯ ಮೇಲೆ ನಾಲ್ಕನೇ ಟ್ರ್ಯಾಕಿನ ಕೆಂಪು ಗುಂಡಿಯನ್ನು ಒತ್ತಿ ಬಂದ್ ಮಾಡಿದ. ಆಕೆಯ ದನಿ ಆಕೆಗೆ ಕೇಳಲಿ, ಆದರೆ ಎಲ್ಲಿಯೂ ಉಳಿಯದಿರಲಿ! ರೆಕಾರ್ಡಿಂಗ್ ಶುರು ಮಾಡಿ ಕೈ ಎತ್ತಿದ.

"ತಡೀ ತಡೀ," ಎನ್ನುತ್ತ ಕಸ್ತೂರೆವ್ವ ಹೆಡ್‌ಫೋನು ತೆಗೆದಿಟ್ಟು ಬಾಗಿಲಿಗೆ ಹೋಗಿ, "ಬಸೂ, ನಾ ಹೇಳೂತನಾ ಮಗ್ಗ ಮುಟ್ಟಿದ್ರ ನೋಡು!" ಎಂದು ಕೂಗಿ ಬಂದಳು. ಆ ಸಂದಿಯಲ್ಲಿ ಪರಮೇಶ ಅಮಸಿದ್ದಪ್ಪನ ಕಿವಿಗೆ ಬಗ್ಗಿ ಏನೋ ಪಿಸುಗುಟ್ಟಿದ. ಹಿರಿಯ ಹುಬ್ಬು ಗಂಟಿಕ್ಕಿದ.

ಹಾಡು ಶುರುವಾಯಿತು. ಪರದೆಯ ಮೇಲೆ, ಮೈಕಿಗೆ ಬಂದ ದನಿ ತೋರಿಸುವ ಹಸಿರು ಗೆರೆಗಳು ಕುಣಿದವು. ಜಕ್ಕಪ್ಪನ ಡೊಳ್ಳಿಗೆ ಕೌದಿಗಳೇ ನಡುಗಿದವು. ಒಂದು ಕೆಮ್ಮಿಲ್ಲ, ಒಂದು ಕುಕ್ಕರಿನ ಸೀಟಿಯಿಲ್ಲ. ಹಾಡು ಮುಗಿದಾಗ ಪರಮೇಶನ ಕಣ್ಣಲ್ಲಿ ನೀರಿತ್ತು. ಮುಧೋಳದವರು ಇನ್ನು ಅಂಗಡಿ ಮುಚ್ಚಬೇಕು ಎಂದುಕೊಂಡ.

ಬಸವಕುಮಾರ, ವೈಶಾಲಿ, ಓಣಿಯ ಅರ್ಧ ಮಂದಿ ಕೇಳಲು ಬಂದು ನಿಂತರು. ಪರಮೇಶ ಪರದೆ ನೋಡಿದ. ಮೊದಲ ಟ್ರ್ಯಾಕು ಖಾಲಿ. ಎರಡನೆಯದೂ ಖಾಲಿ. ಮೂರನೆಯದೂ ಬೋಳು.

"ಕಾಕೂ!" ಎಂದು ಅವನು ಗುಡುಗಿದ. "ಏನ ಮುಟ್ಟಿದ್ರಿ? ಖರೆ ಹೇಳ್ರಿ! ಮಷೀನ್ ಕೆಡಸಾಕನ ಬಂದಿದ್ರೇನ? ನಿಮ್ಮಂಥಾವರಿಂದನ ಈ ಊರಾಗ ಕಲೆ ಬೆಳೀವಲ್ತು!"

"ನಾ ನನ್ನ ಸೀರಿ ಸೆರಗ ಬಿಟ್ಟು ಏನೂ ಮುಟ್ಟಿಲ್ಲ," ಎಂದಳು ಕಸ್ತೂರೆವ್ವ. "ಕೆಳಗ ಅದೊಂದ ಗೆರಿ ಕಾಣತೈತಲಾ, ಅದನ್ನ ಹಚ್ಚು. ಕೇಳೂಣು."

ನಾಲ್ಕನೇ ಟ್ರ್ಯಾಕು ತುಂಬಿ ತುಳುಕುತ್ತಿತ್ತು. ಮೊದಲು ಚಾಲೂ ಮಾಡಿಟ್ಟಿದ್ದ ಕೆಂಪು ಗುಂಡಿಗಳೆಲ್ಲ ಕರೆಂಟು ಹೋಗಿ ಬಂದಾಗ ತಾವಾಗಿಯೇ ಬಂದ್ ಆಗಿದ್ದವು. ಬಂದ್ ಮಾಡುತ್ತೇನೆಂದು ಪರಮೇಶ ಒತ್ತಿದ್ದ ಒಂದೇ ಒಂದು ಗುಂಡಿ ಚಾಲೂ ಆಗಿತ್ತು. ಇದು ಅವನಿಗೆ ಹೊಳೆಯುವುದರೊಳಗೆ ಬಸವಕುಮಾರ ಕೈ ಚಾಚಿ ಪ್ಲೇ ಒತ್ತಿಬಿಟ್ಟ. ದೊಡ್ಡ ಸ್ಪೀಕರುಗಳಿಂದ ಪರಮೇಶನ ದನಿ, ಉಸಿರಿನ ಸಮೇತ, ಸ್ವಚ್ಛವಾಗಿ ಬಂತು:

"ಹಿರ್ಯಾರ, ಚಿಂತಿ ಮಾಡಬ್ಯಾಡ್ರಿ. ಮುದುಕಿ ಮೈಕ್ ಬಂದ್ ಐತಿ. ಎಷ್ಟ ಬೇಕ ಅಷ್ಟ ಒದರಲಿ ಬಿಡ್ರಿ!"

ಪರಮೇಶ ನಿಲ್ಲಿಸಲು ಮೌಸಿನತ್ತ ಧಾವಿಸಿದ. ಅಷ್ಟರಲ್ಲಿ ಸ್ಪೀಕರಿನಿಂದ ಕಸ್ತೂರೆವ್ವನ ಹಾಡು ಎದ್ದಿತು. ಒಣಮೆಣಸಿನಕಾಯಿಗೆ ಬೆಲ್ಲ ಸೇರಿದಂಥ ದನಿ. ತುಂಬಿದ ದನಿ. ಹಿಂದೆ ಅಮಸಿದ್ದಪ್ಪನ ದನಿ ಮೆಲ್ಲಗೆ, ಡೊಳ್ಳು ಆಚೆ ಊರಿನಲ್ಲಿ ಬಾರಿಸಿದಂತೆ ಸಣ್ಣಗೆ ಕೇಳುತ್ತಿತ್ತು. ಅಮಸಿದ್ದಪ್ಪ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ತಂಗೀ, ನಡುವಿನ ನುಡಿ ನಾನ ಮರತಬಿಟ್ಟಿದ್ದೆ. ನೀ ಹಾಡೀದಿ," ಎಂದ. ಆಮೇಲೆ ಪರಮೇಶನತ್ತ ತಿರುಗಿ, "ತಮ್ಮಾ, ಈ ದನಿ ಇರಲಿ. ಇದರ ಮ್ಯಾಲ ನಾವು ಡೊಳ್ಳ, ತಾಳ ಕೂಡಿಸ್ತೀವಿ. ಆಗತೈತೇನ?"

"ಆಗತೈತ್ರಿ," ಎಂದ ಪರಮೇಶ, ನೆಲ ನೋಡುತ್ತ. "ಹಾಡಿನ ಮುಂಚಿನ ಆ... ಮಾತ ಕತ್ತರಿಸಿ ಹಾಕ್ತೀನಿ."

"ಕತ್ತರಿಸಿದ್ರ ಮಗ್ಗ ಹಚ್ಚಸ್ತೀನಿ," ಎಂದಳು ಕಸ್ತೂರೆವ್ವ. "ಅದೂ ಇರಲಿ. ಮಂದಿ ಕೇಳ್ಲಿ."

ಇದು ಅನ್ಯಾಯ, ಇದು ಸ್ಟುಡಿಯೋದ ಮರ್ಯಾದೆಯ ಪ್ರಶ್ನೆ ಎಂದು ಪರಮೇಶ ಕೂಗಾಡಿದ. ಮೇಳವೆಲ್ಲ ಕಸ್ತೂರೆವ್ವನ ಕಡೆಗಿತ್ತು. ವೈಶಾಲಿಯೂ ಆಕೆಯ ಕಡೆಗಿದ್ದಳು.

ಸಿಡಿ ಹೊರಬಂತು. ಜಮಖಂಡಿಯ ಆಟೋಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಲ್ಲಿ, ಚಹದಂಗಡಿಗಳಲ್ಲಿ ಎಲ್ಲೆಲ್ಲೂ ಅದೇ ಹಾಡು. ಹಾಡಿಗಿಂತ ಹೆಚ್ಚಾಗಿ ಅದರ ಮೊದಲಿಗೆ ಬರುವ ಆ ಮಾತಿಗೇ ಮಂದಿ ಸೀಟಿ ಹೊಡೆದರು. ಮೊಬೈಲ್ ಅಂಗಡಿಯವರು ಅದನ್ನೇ ಕತ್ತರಿಸಿ ರಿಂಗ್‌ಟೋನ್ ಮಾಡಿ ಹಂಚಿದರು. ಇಡೀ ಸೀಮೆಗೆ ಪರಮೇಶನ ದನಿ ಗೊತ್ತಾಯಿತು. ರೆಕಾರ್ಡಿಂಗ್ ಮಾಡಿದವರು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಒಂದು ದಿನ ಅಮಸಿದ್ದಪ್ಪನ ಫೋನು ಬಂತು.

"ತಮ್ಮಾ, ಎರಡನೇ ಸಿಡಿ ಮಾಡಾಕತ್ತೀವಿ. ಕಸ್ತೂರೆವ್ವನ ಹಾಡ್ತಾಳ. ನೀನೂ ಬರಬೇಕು ನೋಡು."

ಪರಮೇಶನ ಎದೆಯುಬ್ಬಿತು. "ಬರೂದ್ಯಾಕ್ರಿ ಹಿರ್ಯಾರ, ಸ್ಟುಡಿಯೋ ಇಲ್ಲೇ ಐತೆಲ್ಲಾ. ಮೈಕ್ ಎಲ್ಲಾ ತಯಾರ ಇಡ್ತೀನಿ."

"ಮೈಕಿಂದೇನೂ ಕಾಳಜಿ ಮಾಡಬ್ಯಾಡ," ಎಂದ ಅಮಸಿದ್ದಪ್ಪ. "ರೆಕಾರ್ಡಿಂಗ್ ಮುಧೋಳದಾಗ ಐತಿ. ನೀ ಬರೇ ಬಂದು ಆಕೀನ ಇನ್ನೊಂದೆರಡು ಮಾತ ಬೈದು ಹೋಗು."